ಒಂದೇ ಸೀರಿಯಲ್ಲು, ಎರಡು ಸಲ ಕೊಂಡೆ

ಬಾಹ್ಯಾಕಾಶ ನೌಕೆಯೊಂದರ ಕಥೆ ಹೇಳುವ ಅಮೆರಿಕದ ಟಿವಿ ಸೀರಿಯಲ್ಲು 'ಸ್ಟಾರ್ ಟ್ರೆಕ್: ದ ನೆಕ್ಸ್ಟ್ ಜನರೇಷನ್' ನನ್ನ ಹತ್ತಿರ ಎರಡು ಸೆಟ್ ಇದೆ. ಒಂದು ಡಿವಿಡಿ, ಇನ್ನೊಂದು ಬ್ಲೂ-ರೇ, ಅಂದರೆ ಡಿವಿಡಿಗಿಂತ ಸ್ಪಷ್ಟವಾದ ಚಿತ್ರ ಕೊಡುವ ಡಿಸ್ಕು. "ಅದೇ ಕಥೆ, ಅದೇ ಬೋಳುತಲೆ ಕ್ಯಾಪ್ಟನ್ನು. ಮತ್ತೆ ಯಾಕೋ ದುಡ್ಡು ಸುರಿದೆ?" ಅಂತ ಅಕ್ಕ ಕೇಳಿದ್ದಳು. ಬಾಯಲ್ಲಿ ಹೇಳಿದರೆ ತಿಳಿಯೋದಲ್ಲ, ಎರಡನ್ನೂ ಹಾಕಿ ತೋರಿಸಬೇಕಾಯಿತು.

ಡಿವಿಡಿ ಸೆಟ್ ಅಮೆರಿಕದಿಂದ ಭಾವ ಬರುವಾಗ ತಂದುಕೊಟ್ಟದ್ದು. ರೀಜನ್ ಅನ್ನೋ ತಲೆನೋವು ಶುರುವಾಗಿದ್ದೇ ಆಗ. ಒಂದು ಪ್ರದೇಶದ ಡಿಸ್ಕು ಇನ್ನೊಂದು ಪ್ರದೇಶದ ಪ್ಲೇಯರಿನಲ್ಲಿ ಓಡದ ಹಾಗೆ ಹಾಕಿದ ಬೀಗ ಅದು. ಅಮೆರಿಕದ ಡಿವಿಡಿ ರೀಜನ್ 1, ನಮ್ಮದು ರೀಜನ್ 5. ಕಂಪ್ಯೂಟರ್ ಡ್ರೈವಿನಲ್ಲಿ ರೀಜನ್ ಬದಲಾಯಿಸಬಹುದು, ಆದರೆ ಐದೇ ಸಲ. ಆಮೇಲೆ ಕೊನೆಗೆ ಇಟ್ಟಿದ್ದಕ್ಕೇ ಲಾಕ್. ಹಾಗಾಗಿ ಡ್ರೈವಿನ ತಂಟೆಗೇ ಹೋಗಲಿಲ್ಲ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಎಲ್ಲ ರೀಜನ್ನೂ ಓದುವ ಸಾದಾ ಪ್ಲೇಯರ್ ಹುಡುಕಿದೆ. ಡಿಸ್ಕನ್ನು ಜೊತೆಗೇ ಒಯ್ದು, ಅಂಗಡಿಯಲ್ಲೇ ಓಡಿಸಿ ನೋಡಿ, ಆಮೇಲೆ ದುಡ್ಡು ಕೊಟ್ಟೆ.

ಈಗ ಚಿತ್ರದ ವಿಷಯ. 1987ರಿಂದ 1994ರವರೆಗೆ ಬಂದ ಈ ಸೀರಿಯಲ್ಲನ್ನು ಚಿತ್ರೀಕರಿಸಿದ್ದು 35 ಎಂ.ಎಂ. ಫಿಲ್ಮಿನಲ್ಲಿ. ಎಡಿಟಿಂಗು, ಎಫೆಕ್ಟುಗಳನ್ನು ಕೂಡಿಸಿದ್ದು ಮಾತ್ರ ವಿಡಿಯೋ ಟೇಪಿನಲ್ಲಿ. ಫಿಲ್ಮಿನಲ್ಲಿದ್ದ ಸೊಗಸೆಲ್ಲ ಟೇಪಿಗೆ ಬರುವಷ್ಟರಲ್ಲಿ ಸೋರಿಹೋಗಿತ್ತು. 2002ರ ಡಿವಿಡಿ ಆ ಟೇಪಿನಿಂದಲೇ ಆದದ್ದು. ಬ್ಲೂ-ರೇಗೆ ಹಾಗೆ ಮಾಡಲಿಲ್ಲ. ಜೋಪಾನವಾಗಿಟ್ಟಿದ್ದ ನೆಗೆಟಿವ್‌ಗಳನ್ನು ಹೊರತೆಗೆದು ಹೊಸದಾಗಿ ಸ್ಕ್ಯಾನ್ ಮಾಡಿದರು. ಹಳೆಯ ಎಡಿಟಿಂಗಿಗೆ ಹೊಂದುವ ಹಾಗೆ ಶಾಟ್‌ಗೆ ಶಾಟ್ ಮತ್ತೆ ಜೋಡಿಸಿದರು. ಎಂಟರ್‌ಪ್ರೈಸ್ ನೌಕೆಯ ಮಾದರಿಯನ್ನು ಹಿಂದೆ ಚಿತ್ರೀಕರಿಸಿದ್ದ ಫಿಲ್ಮನ್ನೇ ತೆಗೆದುಕೊಂಡು ಎಫೆಕ್ಟುಗಳನ್ನೂ ಮತ್ತೆ ಕೂಡಿಸಿದರು. ಏಳು ಸೀಸನ್, 178 ಕಂತು! 2012ರಿಂದ 2014ರವರೆಗೆ ಒಂದೊಂದೇ ಸೀಸನ್ ಬಿಡುಗಡೆಯಾಯಿತು.

ಅಕ್ಕನಿಗೆ ಒಂದೇ ದೃಶ್ಯವನ್ನು ಎರಡರಲ್ಲೂ ನಿಲ್ಲಿಸಿ ತೋರಿಸಿದೆ. ಡಿವಿಡಿಯಲ್ಲಿ ನೌಕೆಯ ಕನ್ಸೋಲಿನ ಅಕ್ಷರಗಳು ಬರೀ ಬಣ್ಣದ ಕಲೆ. ಬ್ಲೂ-ರೇಯಲ್ಲಿ ಓದಬಹುದು. ಇನ್ನೂ ಹತ್ತಿರ ಹೋಗಿ ನೋಡಿದರೆ, ಲೈಟು ಹೊಳೆಯಬಾರದು ಅಂತ ಪ್ಯಾನೆಲ್ಲಿನ ಮೇಲೆ ಇಟ್ಟ ಕಪ್ಪು ರಟ್ಟಿನ ತುಂಡೂ ಅಲ್ಲಲ್ಲಿ ಕಾಣುತ್ತದೆ. 24ನೇ ಶತಮಾನದ ನೌಕೆಯಲ್ಲಿ ರಟ್ಟು! ಅದನ್ನು ಅಳಿಸದೆ ಬಿಟ್ಟಿದ್ದು ನನಗಂತೂ ಖುಷಿ. ಸೆಟ್ಟಿನಲ್ಲಿ ಮನುಷ್ಯರು ಕೆಲಸ ಮಾಡಿದ್ದರು ಅಂತ ಗೊತ್ತಾಗುತ್ತದಲ್ವಾ.

ಒಂದು ಮಾತು ಮಾತ್ರ ನೆನಪಿಡಿ. ಚಿತ್ರ ಹಳೆಯ ಟಿವಿಯ 4:3 ಆಕಾರದಲ್ಲೇ ಇದೆ, ಟಿವಿಯ ಎರಡೂ ಪಕ್ಕ ಕಪ್ಪು ಪಟ್ಟಿ ಬರುತ್ತದೆ. ಮನೆಯಲ್ಲಿ ಯಾರಾದರೊಬ್ಬರು ರಿಮೋಟ್ ತಗೊಂಡು ಜೂಮ್ ಒತ್ತಿಯೇ ಒತ್ತುತ್ತಾರೆ. ಬಿಡಬೇಡಿ. ಜೂಮ್ ಮಾಡಿದರೆ ತಲೆ, ಗದ್ದ ಎರಡೂ ಕತ್ತರಿಸಿಹೋಗುತ್ತವೆ. ಫಿಲ್ಮಿನ ಅಂಚಿನವರೆಗೂ ತೋರಿಸಬಾರದಿತ್ತಾ ಅಂದರೆ, ಆ ಅಂಚಿನಲ್ಲಿ ಲೈಟಿನ ಸ್ಟ್ಯಾಂಡುಗಳೂ ಕಾಣುತ್ತವೆ.

ಹೊಸಬರು ಮೊದಲ ಸೀಸನ್ನಿಂದ ಶುರುಮಾಡೋದು ಬೇಡ, ಸಪ್ಪೆ. ಎರಡನೆಯದರಲ್ಲಿ 'ದ ಮೆಷರ್ ಆಫ್ ಎ ಮ್ಯಾನ್' ನೋಡಿ. ಡೇಟಾ ಎಂಬ ಯಂತ್ರಮಾನವ, ನೌಕೆಗಳನ್ನು ನಡೆಸುವ ಸಂಸ್ಥೆಯಾದ ಸ್ಟಾರ್‌ಫ್ಲೀಟಿನ ಸ್ವತ್ತೋ, ತನ್ನ ದಾರಿ ತಾನೇ ಆರಿಸಿಕೊಳ್ಳಬಲ್ಲ ಜೀವವೋ ಅಂತ ವಿಚಾರಣೆ ನಡೆಯುವ ಕಂತು. ಬ್ಲೂ-ರೇಯಲ್ಲಿ ಇದರ ಉದ್ದನೆಯ ರೂಪವೂ ಇದೆ, ಸುಮಾರು 13 ನಿಮಿಷ ಜಾಸ್ತಿ. ನನ್ನ ಸೆಟ್ಟಿನಲ್ಲಿ ಜಾಸ್ತಿ ತಿರುಗಿದ ಡಿಸ್ಕೇ ಅದು. ಒರೆಸುವಾಗ ಮೆತ್ತನೆ ಬಟ್ಟೆಯಲ್ಲಿ ನಡುವಿನಿಂದ ಅಂಚಿಗೆ ನೇರವಾಗಿ ಒರೆಸುತ್ತೇನೆ, ಸುತ್ತ ತಿರುಗಿಸಿ ಅಲ್ಲ.

ಸ್ಟಾರ್ ಟ್ರೆಕ್‌ನ ಇನ್ನೊಂದು ಸೀರಿಯಲ್ಲು 'ಡೀಪ್ ಸ್ಪೇಸ್ ನೈನ್'ಗೆ ಈ ಭಾಗ್ಯ ಬರಲಿಲ್ಲ. 2018ರ ಅದರ ಸಾಕ್ಷ್ಯಚಿತ್ರಕ್ಕೆ ಅಭಿಮಾನಿಗಳೇ ದುಡ್ಡು ಹಾಕಿದರು. ಅದರಲ್ಲಿ ಕೆಲವು ದೃಶ್ಯಗಳನ್ನು ಫಿಲ್ಮಿನಿಂದ ಹೊಸದಾಗಿ ತೆಗೆದು ತೋರಿಸಿದ್ದಾರೆ. ನೋಡಿದರೆ ಹೊಟ್ಟೆ ಉರಿಯುತ್ತದೆ, ಪೂರ್ತಿ ಸೀರಿಯಲ್ಲೇ ಹೀಗಿರಬಹುದಿತ್ತಲ್ಲ ಅಂತ. ಸದ್ಯಕ್ಕೆ ಡಿವಿಡಿಯೇ ಗತಿ. ದೊಡ್ಡ ಟಿವಿಯಲ್ಲಿ ಹಾಕುವಾಗ ಶಾರ್ಪ್‌ನೆಸ್ಸನ್ನು ಪೂರ್ತಿ ಇಳಿಸಿ, ಕುರ್ಚಿ ಸ್ವಲ್ಪ ಹಿಂದಕ್ಕೆ ಎಳೆದುಕೊಳ್ಳಿ. ಪರವಾಗಿಲ್ಲ, ನೋಡಬಹುದು.