ಬೇರೆಯವರ ಮೊಣಕಾಲು ನೇರ ಮಾಡ್ತಾ ನಾವೇ ಮುದುಡಿಹೋದಾಗ

ಎರಡು ವರ್ಷದ ಹಿಂದೆ, ಜೋರು ಮಳೆಗಾಲ. ಕ್ಲಿನಿಕ್ಕಿನ ಎದುರು ಸ್ಕೂಟರ್ ನಿಲ್ಲಿಸಿ, ರೈನ್‌ಕೋಟ್ ಕೂಡ ಬಿಚ್ಚದೆ ಹತ್ತು ನಿಮಿಷ ಸುಮ್ನೆ ನಿಂತಿದ್ದೆ. ಒಳಗೆ ಜನ ಕಾಯ್ತಾ ಇದ್ದಾರೆ ಅಂತ ಗೊತ್ತು. ಆದರೆ ಮೊದಲನೆಯವರನ್ನು ನೆನಪು ಮಾಡಿಕೊಂಡರೆ ಮುಖವೇ ಬರ್ತಿಲ್ಲ. ಬಂದದ್ದು ಇಷ್ಟೇ: 'ಎಡ ಭುಜ, ಇಪ್ಪತ್ತು ನಿಮಿಷ'.

ನಾನು ಫಿಸಿಯೋಥೆರಪಿಸ್ಟ್, ಕಾಸರಗೋಡಿನ ಕುಂಬಳೆ ಕಡೆಯವ. ಈ ಕೆಲಸದಲ್ಲಿ, ಇಲ್ಲಾ ಜಿಮ್ ಟ್ರೈನರ್, ಯೋಗ ಟೀಚರ್ ಹೀಗೆ ಇನ್ನೊಬ್ಬರ ಮೈ ಸರಿ ಮಾಡುವ ಯಾವುದೇ ಕೆಲಸದಲ್ಲಿ ಇದ್ದು ಸಾಕಾಗಿಹೋದವರಿಗೆ ಇದನ್ನು ಬರೀತಿದ್ದೇನೆ.

ಮೊದಲು ಒಂದು ವಿಷಯ. ಬರ್ನ್‌ಔಟ್ ಅಂದರೆ ಬರೀ ಸುಸ್ತಲ್ಲ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಇದಕ್ಕೆ ಮೂರು ಗುರುತು ಹೇಳಿದೆ: ಶಕ್ತಿ ಬತ್ತಿಹೋಗುವುದು, ಕೆಲಸದ ಮೇಲೆ ಬೇಸರ ಬಂದು ಮನಸ್ಸು ದೂರ ಸರಿಯುವುದು, ಮಾಡಿದ್ದು ಯಾವುದೂ ಸರಿಯಾಗ್ತಿಲ್ಲ ಅನ್ನಿಸುವುದು. ಇದು ಕಾಯಿಲೆಯಲ್ಲ, ಕೆಲಸದ ಜಾಗದಲ್ಲಿ ಹುಟ್ಟುವ ತೊಂದರೆ ಅಂತಲೂ ಹೇಳಿದೆ. ಈ ಹೆಸರನ್ನು 1974ರಲ್ಲಿ ಬರವಣಿಗೆಗೆ ತಂದ ಮನಶ್ಶಾಸ್ತ್ರಜ್ಞ ಹರ್ಬರ್ಟ್ ಫ್ರಾಯ್ಡನ್‌ಬರ್ಗರ್ ಕೂಡ ನ್ಯೂಯಾರ್ಕಿನ ಉಚಿತ ಕ್ಲಿನಿಕ್ಕಿನಲ್ಲಿ ದುಡಿದು ದುಡಿದು ಸೋತವರೇ. ನನಗೆ ಇದು ಸ್ವಲ್ಪ ಸಮಾಧಾನ ಕೊಟ್ಟಿತು, ಯಾಕೋ ಗೊತ್ತಿಲ್ಲ.

ಈಗ ಮಾಡಬೇಕಾದ್ದು. ಮೊದಲು ರಕ್ತ ಪರೀಕ್ಷೆ ಮಾಡಿಸಿ. ಹಿಮೋಗ್ಲೋಬಿನ್, ಥೈರಾಯ್ಡ್, ಬಿ12. ನಗಬೇಡಿ, ರೋಗಿಗಳಿಗೆ ಇದನ್ನೇ ಹೇಳುವ ನಾವು ನಮಗೆ ಮಾತ್ರ 'ಮನಸ್ಸಿನದ್ದು' ಅಂದುಕೊಂಡು ಕೂತಿರ್ತೇವೆ. ಕೆಲಸ ಮಾತ್ರವಲ್ಲ, ಊಟ, ಮನೆ, ಮಕ್ಕಳು ಯಾವುದೂ ಎರಡು ವಾರದಿಂದ ಬೇಡ ಅನ್ನಿಸ್ತಿದ್ದರೆ ಈ ಬರಹ ಸಾಕಾಗುವುದಿಲ್ಲ, ವೈದ್ಯರ ಹತ್ತಿರ ಹೋಗಿ. ಮನಸ್ಸಿನ ತೊಂದರೆಗೆ ಸರಕಾರದ ಸಹಾಯವಾಣಿ ಟೆಲಿ ಮಾನಸ್ ಇದೆ, 14416ಕ್ಕೆ ಯಾವ ಹೊತ್ತಿಗೂ ಫೋನ್ ಮಾಡಬಹುದು, ದುಡ್ಡು ಕೊಡಬೇಕಿಲ್ಲ.

ಆಮೇಲೆ ಎರಡು ವಾರ ಒಂದು ಸಣ್ಣ ಪುಸ್ತಕ ಜೇಬಲ್ಲಿರಲಿ. ಒಬ್ಬೊಬ್ಬರು ಎದ್ದು ಹೋದ ಮೇಲೆ ಒಂದು ಗುರುತು ಹಾಕಿ: ಮನಸ್ಸು ಹಗುರಾದರೆ ಪ್ಲಸ್, ಭಾರವಾದರೆ ಮೈನಸ್. ಕಾರಣ ಬರೆಯುವುದು ಬೇಡ, ಬರೆಯಲು ಹೋದರೆ ಮೂರನೇ ದಿನಕ್ಕೆ ನಿಲ್ಲಿಸ್ತೀರಿ. ನಾನು ಜನ ಜಾಸ್ತಿಯಾಗಿ ಸೋತಿದ್ದೇನೆ ಅಂದುಕೊಂಡಿದ್ದೆ. ಪುಸ್ತಕ ಬೇರೆಯೇ ಹೇಳಿತು. ತುಳು, ಮಲಯಾಳ, ಕನ್ನಡ, ಬ್ಯಾರಿ ಅಂತ ನಾಲ್ಕು ಭಾಷೆಯಲ್ಲಿ 'ಕಾಲು ಮಡಚಿ' ಅನ್ನುತ್ತಾ ಕಳೆದ ಬೆಳಗಿನ ಹೊತ್ತೆಲ್ಲ ಪ್ಲಸ್. ಸಂಜೆ ಒಬ್ಬರಿಗೆ ಕರೆಂಟಿನ ಮೆಷಿನ್ ಸಿಕ್ಕಿಸಿ ಪರದೆಯಾಚೆ ಇನ್ನೊಬ್ಬರ ಹತ್ತಿರ ಓಡುವ ಹೊತ್ತು ಪೂರ್ತಿ ಮೈನಸ್. ರಾತ್ರಿ ಹತ್ತಕ್ಕೆ ಬರುವ ವಾಟ್ಸಾಪ್ ಮೆಸೇಜು, 'ಸಾರ್, ಸೊಂಟ ಹಿಡೀತು', ಅದೂ ಮೈನಸ್.

ಈ ಲೆಕ್ಕ ಹಿಡಿದುಕೊಂಡೇ ಮಾಲೀಕರ ಹತ್ತಿರ ಮಾತಾಡಿ. 'ನನಗೆ ಕಷ್ಟ ಆಗ್ತಿದೆ' ಅಂದರೆ 'ಎಲ್ಲರಿಗೂ ಕಷ್ಟವೇ' ಅಂತಾರೆ. ನಾನು ಕೇಳಿದ್ದು ಒಂದೇ: ಸಂಜೆ ಒಂದೇ ಹೊತ್ತಿಗೆ ಇಬ್ಬರನ್ನು ಹಾಕಬೇಡಿ, ಒಬ್ಬೊಬ್ಬರಿಗೆ ಅರ್ಧ ಗಂಟೆ ಕೊಡಿ. ಮೊದಲ ಸಲ ಆಗುವುದಿಲ್ಲ ಅಂದರು. ತಿಂಗಳು ಬಿಟ್ಟು, ಚಿಕಿತ್ಸೆ ಅರ್ಧಕ್ಕೇ ಬಿಟ್ಟು ಹೋದವರು ಬೆಳಗ್ಗೆ ಎಷ್ಟು, ಸಂಜೆ ಎಷ್ಟು ಅಂತ ಬರೆದು ಇಟ್ಟೆ. ಒಪ್ಪಿದರು. ಒಪ್ಪದಿದ್ದರೆ ಬೇರೆ ಕಡೆ ನೋಡುವುದೇ ಸೈ, ಅದನ್ನೂ ಮನಸ್ಸಲ್ಲಿ ಇಟ್ಟುಕೊಂಡೇ ಹೋಗಿದ್ದೆ. ವಾಟ್ಸಾಪಿಗೆ ಸಂಜೆ ಏಳರ ಮೇಲೆ ಉತ್ತರ ಇಲ್ಲ ಅಂತ ಬೋರ್ಡು ಹಾಕಿದೆ. ಯಾರೂ ಬೇಜಾರು ಮಾಡಿಕೊಳ್ಳಲಿಲ್ಲ.

ನಿಮ್ಮ ಸ್ವಂತ ವ್ಯಾಯಾಮದ ಕಥೆ ಏನು? ವಾರಕ್ಕೆ ಕನಿಷ್ಠ 150 ನಿಮಿಷ ಮೈ ಆಡಿಸಿ ಅಂತ ಎಲ್ಲರಿಗೂ ಹೇಳ್ತಿದ್ದ ನನ್ನದು ನಲವತ್ತು ನಿಮಿಷವೂ ಆಗ್ತಿರಲಿಲ್ಲ. ಒಂದು ತಿಂಗಳು ಎಣಿಸದೆ ಮಾಡಿ. ವಾಚು ಬೇಡ, ಸೆಟ್ಟು ಬೇಡ. ನಾನು ಕೊಯಿಪ್ಪಾಡಿ ಕಡಲ ಬದಿಯಲ್ಲಿ ನಡೆದೆ, ಬಲೆ ಎಳೆಯುವವರನ್ನು ನೋಡ್ತಾ ನಿಂತೆ. ಅವರ ಸೊಂಟ ಬಾಗಿದ ರೀತಿ ನೋಡಿ ತಿದ್ದಬೇಕು ಅನ್ನಿಸದೇ ಇದ್ದ ದಿನ ಗೊತ್ತಾಯ್ತು, ಸ್ವಲ್ಪ ಸುಧಾರಿಸಿದ್ದೇನೆ ಅಂತ.

ಇನ್ನು ಮುಖ್ಯವಾದದ್ದು. ಈ ಕೆಲಸ ಯಾಕೆ ಮಾಡ್ತಿದ್ದೇನೆ ಅಂತ ಕೂತು ಯೋಚಿಸಿದರೆ ತಲೆನೋವು ಬರ್ತದೆಯೇ ಹೊರತು ಉತ್ತರ ಬರುವುದಿಲ್ಲ. ಅದರ ಬದಲು ಒಬ್ಬರೇ ಒಬ್ಬ ರೋಗಿಯನ್ನು ಆರಿಸಿಕೊಳ್ಳಿ. 'ಎಲ್ಲಿ ನೋವು' ಅಂತ ಕೇಳಿದ ಮೇಲೆ 'ನಿಮಗೆ ಎಂತ ಮಾಡಬೇಕು ಅಂತಿದೆ' ಅಂತಲೂ ಕೇಳಿ. ಕೊನೆವರೆಗೂ ಅವರ ಜೊತೆ ಹೋಗಿ.

ನನಗೆ ಸಿಕ್ಕಿದವರು ಬಾಯಾರು ಕಡೆಯ ಒಬ್ಬರು ಅಜ್ಜಿ, 72 ವರ್ಷ. ಕುರ್ಚಿಯಲ್ಲಿ ಕೂರಿಸಿ, ಎರಡೂ ಕೈ ಎದೆಗೆ ಕಟ್ಟಿಸಿ, 30 ಸೆಕೆಂಡಲ್ಲಿ ಎಷ್ಟು ಸಲ ಪೂರ್ತಿ ಎದ್ದು ನಿಲ್ತಾರೆ ಅಂತ ಎಣಿಸಿದೆ. ಆರು. ಆ ವಯಸ್ಸಿನ ಹೆಂಗಸರಿಗೆ ಹತ್ತಕ್ಕಿಂತ ಕೆಳಗೆ ಬಂದರೆ ಬೀಳುವ ಅಪಾಯ ಜಾಸ್ತಿ ಅಂತ ಲೆಕ್ಕ. ಎಂತ ಮಾಡಬೇಕು ಅಂತ ಕೇಳಿದಾಗ ಅವರು ಮೊಣಕಾಲಿನ ಸುದ್ದಿಯೇ ಎತ್ತಲಿಲ್ಲ.

"ಸುರಂಗದ ಹತ್ರ ಹೋಗ್ಬೇಕು ಮಗಾ. ಬಾಟ್ಲಿಯಲ್ಲಿ ತಂದು ಕೊಡ್ತಾರೆ, ಅದು ಆ ನೀರಲ್ಲ."

ನಮ್ಮ ಕಡೆ ಗುಡ್ಡದ ಹೊಟ್ಟೆಗೆ ಅಡ್ಡವಾಗಿ ಕೊರೆದು ನೀರು ತರುವ ಸುರಂಗ ಗೊತ್ತಲ್ವಾ? ಅವರ ಮನೆಯಿಂದ ಅದಕ್ಕೆ ಮುರಕಲ್ಲಿನ ಹದಿನಾಲ್ಕು ಮೆಟ್ಟಿಲು. ನಾನು ಟೇಪು ಹಿಡಿದು ಮೆಟ್ಟಿಲಿನ ಎತ್ತರ ಅಳೆದೆ, ಒಂಬತ್ತು ಇಂಚು. ಮನೆಯ ಜಗಲಿಯ ಮೆಟ್ಟಿಲು ಆರೇ ಇಂಚು. ಮೊದಲು ಅದರ ಮೇಲೆ ಹತ್ತಿಸಿ ಇಳಿಸಿದೆ, ಆಮೇಲೆ ಹಲಗೆ ಇಟ್ಟು ಇಂಚು ಇಂಚು ಏರಿಸಿದೆ. ಒಂಬತ್ತು ವಾರಕ್ಕೆ, ಕುರ್ಚಿಯಿಂದ ಏಳುವ ಲೆಕ್ಕ ಆರು ಇದ್ದದ್ದು ಹನ್ನೊಂದಾಯ್ತು. ಅಂದು ಸುರಂಗದ ಮೆಟ್ಟಿಲು ಇಳಿದೆವು: ಅವರ ಮಗ ಮುಂದೆ, ನಾನು ಹಿಂದೆ, ಅಜ್ಜಿ ನಡುವೆ.

ಕೆಳಗೆ ಹೋಗಿ ಕಾಲು ತೊಳೆದುಕೊಂಡರು. ಬೊಗಸೆಯಲ್ಲಿ ಕುಡಿದು, ನನಗೂ ಕುಡಿ ಅಂದರು. ತಣ್ಣಗಿತ್ತು. ವಾಪಸು ಹತ್ತುವಾಗ ನಾಲ್ಕನೇ ಮೆಟ್ಟಿಲಲ್ಲಿ ನಿಂತು ಉಸಿರು ಸುಧಾರಿಸಿಕೊಂಡರು, ನಾನೂ ನಿಂತೆ.