ಎಂಟನೇ ತಿಂಗಳಲ್ಲಿ ಹೊಸ ಮನೆಯೇ? ಮೊದಲು ಬಚ್ಚಲು ನೋಡಿ

ನಮ್ಮ ಅಪಾರ್ಟ್‌ಮೆಂಟಿನ ಎರಡನೇ ಮಹಡಿಗೆ ಹೋದ ತಿಂಗಳು ಗಂಡ ಹೆಂಡತಿ ಬಾಡಿಗೆಗೆ ಬಂದರು. ಹುಡುಗಿಗೆ ಏಳು ತಿಂಗಳು ತುಂಬಿ ಎಂಟರಲ್ಲಿದೆ. ಮನೇಲಿ ಬಸುರಿ ಇದ್ದಾಳೆ, ಪೂಜೆ ಹೋಮ ಬೇಡ ಅಂತ ಹಾಲುಕ್ಕಿಸಿ ಒಳಗೆ ಬಂದರು. ಹಾಲಿನ ಲೋಟ ಹಿಡಿದು ನಾನು ಮನೆಯೆಲ್ಲ ನೋಡಿದೆ. ಕೋಣೆಯ ಗೋಡೆ ಮೇಲೆ ಮೋಡ, ನಕ್ಷತ್ರದ ಸ್ಟಿಕ್ಕರ್ ಆಗಲೇ ಹತ್ತಿದ್ದವು. ಬಚ್ಚಲಿನಲ್ಲಿ ಮಾತ್ರ 3 ಲೀಟರಿನ ಪುಟ್ಟ ಗೀಸರು, ನೆಲದ ಮೇಲೆ ಸೋಪಿನ ಜಿಡ್ಡು.

ನಾನೂ ಇದೇ ತಪ್ಪು ಮಾಡಿದ್ದೆ. ನನ್ನ ಬಾಣಂತನದ ಮೊದಲ ಎಣ್ಣೆಸ್ನಾನದ ದಿನ ಮೈಗೆಲ್ಲ ಹರಳೆಣ್ಣೆ. ಅಮ್ಮ ಮೂರನೇ ಚೊಂಬು ಹುಯ್ಯುವಷ್ಟರಲ್ಲಿ ನಲ್ಲಿಯಲ್ಲಿ ತಣ್ಣೀರು. ಜನವರಿ ಬೇರೆ. ಅಮ್ಮ ಅಡುಗೆಮನೆಗೆ ಓಡಿ ಇಡ್ಲಿ ಪಾತ್ರೆಯಲ್ಲಿ ನೀರು ಕಾಯಿಸಿ ತರುವವರೆಗೆ ನಾನು ಗಡಗಡ ನಡುಗುತ್ತಾ ಕೂತಿದ್ದೆ.

1. ಬಣ್ಣ

ಸಾಮಾನು ಬರುವ ಮುಂಚೆಯೇ ಮುಗಿಸಿ, ಕಿಟಕಿ ತೆರೆದು ಒಂದೆರಡು ವಾರ ಬಿಡಿ. ಮನೆಗೆ ಹೊಡೆಯುವ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ 90 ಪಾಲು) ಮೀರಬಾರದು ಅನ್ನುವ ನಿಯಮ ನಮ್ಮಲ್ಲಿ ಜಾರಿಗೆ ಬಂದಿದ್ದು 2017ರ ನವೆಂಬರಿನಲ್ಲಿ. ಅದಕ್ಕಿಂತ ಹಳೆಯ ಬಣ್ಣ ಉಜ್ಜಿ ತೆಗೆದರೆ ಧೂಳಿನಲ್ಲಿ ಸೀಸ ಇರಬಹುದು. ಆ ದಿನಗಳಲ್ಲಿ ಬಸುರಿ ಆ ಮನೆಗೆ ಕಾಲಿಡುವುದೇ ಬೇಡ. ಆಮೇಲೆ ಪೊರಕೆ ಹಿಡಿಯಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ.

2. ಕೋಣೆ

ಬಾಣಂತಿಗೆ ದೊಡ್ಡ ಕೋಣೆ ಅಲ್ಲ, ಬಚ್ಚಲಿಗೆ ಹತ್ತಿರದ ಕೋಣೆ. ಅಷ್ಟೇ.

3. ಬಚ್ಚಲು

ಇದಕ್ಕೆ ಒಂದು ಪೂರ್ತಿ ಭಾನುವಾರ ಇಟ್ಟುಕೊಳ್ಳಿ.

ಮೊದಲು ನೀರು. 3 ಲೀಟರಿನ ಗೀಸರು ಪಾತ್ರೆ ತೊಳೆಯೋಕೆ ಲಾಯಕ್ಕು, ಬಾಣಂತಿ ಸ್ನಾನಕ್ಕಲ್ಲ. ಕನಿಷ್ಠ 15 ಲೀಟರಿನ ಟ್ಯಾಂಕ್ ಇರುವುದು ಬೇಕು, 25 ಆದರೆ ಇನ್ನೂ ಒಳ್ಳೆಯದು. 15 ಲೀಟರ್ ನೀರು 60 ಡಿಗ್ರಿಗೆ ಕಾದರೆ, ತಣ್ಣೀರು ಬೆರೆಸಿದಾಗ ಹದವಾದ ನೀರು 30 ಲೀಟರ್ ಆಗುತ್ತೆ. ಅಂದರೆ ಸುಮಾರು ಎರಡು ಬಕೆಟ್. ಮತ್ತೆ ಕಾಯಲು 20 ನಿಮಿಷ ಹಿಡಿಯುತ್ತೆ, ಹಾಗಾಗಿ ಎರಡು ಬಕೆಟ್ ಮೊದಲೇ ಹಿಡಿದಿಡಿ. ಬಕೆಟ್ಟಿಗೆ ಯಾವಾಗಲೂ ತಣ್ಣೀರು ಮೊದಲು, ಬಿಸಿನೀರು ಆಮೇಲೆ. ಮಗುವಿನ ನೀರಿಗೆ ಬೆರಳಲ್ಲ, ಮೊಣಕೈ ಅದ್ದಿ ನೋಡಿ. ಬಕೆಟ್ಟಿಗೆ ಇಳಿಬಿಡುವ ಕಾಯಿಲ್ ಸಾಕಲ್ವಾ ಅಂತ ಕೇಳಿದವರಿಗೆ ನನ್ನ ಉತ್ತರ ಒಂದೇ: ಅದನ್ನು ಮನೆಯೊಳಗೆ ತರಬೇಡಿ. ಒದ್ದೆ ನೆಲ, ಒದ್ದೆ ಕೈ, ಕರೆಂಟು.

ಗ್ಯಾಸ್ ಗೀಸರು ಬಚ್ಚಲಿನ ಒಳಗೇ ಇದ್ದರೆ ಮಾಲೀಕರ ಹತ್ತಿರ ಜಗಳ ಆಡಿಯಾದರೂ ಹೊರಗೆ ಹಾಕಿಸಿ. ಗ್ಯಾಸ್ ಉರಿಯುವಾಗ ಗಾಳಿ ಸಾಲದೆ ಹೋದರೆ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ತಲೆ ಸುತ್ತಿತು ಅನ್ನುವಷ್ಟರಲ್ಲಿ ಕೈಕಾಲು ಆಡುವುದಿಲ್ಲ. ನಾವು ನೀವು ಹತ್ತು ನಿಮಿಷದಲ್ಲಿ ಸ್ನಾನ ಮುಗಿಸುತ್ತೇವೆ. ಬಾಣಂತಿ ಸ್ನಾನ ಮುಕ್ಕಾಲು ಗಂಟೆ, ಅದೂ ಶೀತ ಆಗುತ್ತೆ ಅಂತ ಅಜ್ಜಿಯರು ಕಿಟಕಿ ಸಂದಿಗೆ ರಟ್ಟು ತುರುಕಿರುತ್ತಾರೆ! ಆ ರಟ್ಟು ತೆಗೆಯಿರಿ. ಸಾಂಬ್ರಾಣಿ ಹೊಗೆಯ ಕೆಂಡಕ್ಕೂ ಇದೇ ಮಾತು. ಮುಚ್ಚಿದ ಕೋಣೆಯಲ್ಲಿ ಕೆಂಡ ಇಡಲೇಬೇಡಿ. ಅಜ್ಜಿ ಮುನಿಸಿಕೊಂಡರೆ ಮುನಿಸಿಕೊಳ್ಳಲಿ.

ಇನ್ನು ನೆಲ. ಒಂದು ಚೊಂಬು ನೀರು ಹುಯ್ದು ಸುಮ್ನೆ ನಿಂತು ನೋಡಿ. ನೀರು ನೇರ ಜಾಲರಿಗೆ ಹೋದರೆ ನಿಮ್ಮ ಪುಣ್ಯ. ಮೂಲೆಯಲ್ಲಿ ನಿಂತರೆ ಅಲ್ಲಿ ಪಾಚಿ ಕಟ್ಟುತ್ತೆ, ಆ ಮೂಲೆಯಲ್ಲಿ ಸ್ಟೂಲ್ ಇಡಬೇಡಿ. ಕಲೆ ಹೋಗಲಿ ಅಂತ ಆಸಿಡ್ ಸುರಿದು, ಅದರ ಮೇಲೆ ಬ್ಲೀಚಿಂಗ್ ಪೌಡರ್ ಎರಚುವವರನ್ನು ಕಂಡಿದ್ದೇನೆ. ಎರಡೂ ಸೇರಿದರೆ ಬರುವುದು ಕ್ಲೋರಿನ್ ಅನಿಲ, ಉಸಿರು ಕಟ್ಟುತ್ತೆ. ಒಂದು ಹಾಕಿ ಚೆನ್ನಾಗಿ ತೊಳೆದು ಸಾಕು ಮಾಡಿ. ಈ ಕೆಲಸ ಗಂಡನದು, ಬಸುರಿಯದಲ್ಲ.

ಕೂರಲು ಮಣೆ ಬೇಡ. ಸಿಸೇರಿಯನ್ ಆದವರಿಗೆ ಮಣೆಯಿಂದ ಏಳುವುದು ಎಷ್ಟು ಕಷ್ಟ ಅಂತ ಹೊಲಿಗೆ ಬಿದ್ದವರನ್ನೇ ಕೇಳಿ. ಮೊಣಕಾಲೆತ್ತರದ, ಕಾಲಿಗೆ ರಬ್ಬರ್ ಇರುವ ಸ್ಟೂಲ್ ಇರಲಿ.

ಏಳುವಾಗ ಹಿಡಿಯಲು ಗೋಡೆಗೆ ಸ್ಟೀಲಿನ ಹಿಡಿ ಬೇಕು. ಎಲ್ಲರೂ ಎಡವುವುದು ಇಲ್ಲೇ. ಆನ್‌ಲೈನಿನಲ್ಲಿ ಸಿಗುವ, ಗೋಡೆಗೆ ಒತ್ತಿದರೆ ಅಂಟುವ ರಬ್ಬರ್ ಬಟ್ಟಲಿನ ಹಿಡಿಗಳನ್ನು ತರಬೇಡಿ. ಟವೆಲ್ ಹಾಕೋಕೂ ಅವು ದಂಡ, ನನ್ನ ತಂಗಿ ಮನೆಯಲ್ಲಿ ಎರಡೇ ದಿನಕ್ಕೆ ಕಿತ್ತು ಬಂತು. ಸ್ಕ್ರೂ ಹಾಕುವುದೇ ತನ್ನಿ. ಸ್ಟೂಲ್ ಮೇಲೆ ನೀವೇ ಕೂತು, ಕೈ ಎಲ್ಲಿಗೆ ಹೋಗುತ್ತೋ ಅಲ್ಲಿ ಪೆನ್ಸಿಲ್ ಗುರುತು ಹಾಕಿ. ನಲ್ಲಿ, ಶವರ್‌ಗಳ ನೇರ ಮೇಲೆ ಕೆಳಗೆ ಕೊರೆಯಬೇಡಿ, ಒಳಗೆ ಪೈಪ್ ಇರುತ್ತೆ. ಗುರುತಿನ ಮೇಲೆ ಪೇಪರ್ ಟೇಪ್ ಅಂಟಿಸಿದರೆ ಟೈಲ್ಸ್ ಮೇಲೆ ಬಿಟ್ ಜಾರುವುದಿಲ್ಲ. ಟೈಲ್ಸ್ ದಾಟುವವರೆಗೆ ಡ್ರಿಲ್ಲಿನ ಹ್ಯಾಮರ್ ಆಫ್ ಇರಲಿ, ಇಲ್ಲದಿದ್ದರೆ ಬಿರುಕು ಗ್ಯಾರಂಟಿ, ಅಡ್ವಾನ್ಸಿನಲ್ಲಿ ಕಡಿತವೂ ಗ್ಯಾರಂಟಿ. ಹಾಗಾಗಿ ಮಾಲೀಕರಿಗೆ ಮೊದಲೇ ಹೇಳಿಡಿ. ಹಾಕಿದ ಮೇಲೆ ಮನೆಯಲ್ಲಿ ಯಾರು ದಪ್ಪ ಇದ್ದಾರೋ ಅವರು ಜೋತುಬಿದ್ದು ನೋಡಲಿ.

ಕೊನೆಗೆ ಬಾಗಿಲು. ಬಿಸಿನೀರಿನ ಸ್ನಾನ ಮುಗಿಸಿ ದಢಕ್ಕನೆ ಎದ್ದರೆ ಬಾಣಂತಿಗೆ ತಲೆ ಸುತ್ತುವುದುಂಟು. ಒಳಗಿನ ಚಿಲಕ ಬಿಚ್ಚಿಸಿಬಿಡಿ. ಮುಜುಗರ ಅಂದರೆ ಪರದೆ ಹಾಕಿ.

4. ತೊಟ್ಟಿಲು, ಬಟ್ಟೆ

ತೊಟ್ಟಿಲನ್ನು ಫ್ಯಾನಿನ ಕೊಕ್ಕೆಗೆ ತೂಗುಹಾಕಬೇಡಿ. ನೆಲದ ಮೇಲೆ ನಿಲ್ಲುವ ಸ್ಟ್ಯಾಂಡ್ ತೊಟ್ಟಿಲು ಯಾರ ಹತ್ತಿರವಾದರೂ ಇದ್ದೇ ಇರುತ್ತೆ, ಕೇಳಿ ಇಸ್ಕೊಳ್ಳಿ. ಅಜ್ಜಿಯ ಪೆಟ್ಟಿಗೆಯಿಂದ ತೆಗೆದ ಹಳೆ ಬಟ್ಟೆಗೆ ನುಸಿಗುಳಿಗೆ ವಾಸನೆ ಇದ್ದರೆ ಹಾಗೇ ಮಗುವಿಗೆ ಸುತ್ತಬೇಡಿ. ಅದರಲ್ಲಿ ನ್ಯಾಫ್ತಲೀನ್ ಇದ್ದರೆ ಕೆಲವು ಮಕ್ಕಳ ರಕ್ತಕಣ ಒಡೆದು ಕಾಮಾಲೆ ಜೋರಾಗುತ್ತೆ. ವಾಸನೆ ಪೂರ್ತಿ ಹೋಗುವವರೆಗೆ ಒಗೆದು ಬಿಸಿಲಿಗೆ ಹಾಕಿ. ಹೋಗದಿದ್ದರೆ ಆ ಬಟ್ಟೆ ಬಿಡಿ. ಬೀರುವಿನಲ್ಲಿ ಗುಳಿಗೆ ಬದಲು ಒಣಗಿದ ಬೇವಿನ ಸೊಪ್ಪು ಇಡಿ.

5. ಏರಿಯಾ

ತಾಯಿ ಕಾರ್ಡ್ ಹಿಡಿದು ಹೊಸ ಏರಿಯಾದ ಆರೋಗ್ಯ ಕೇಂದ್ರಕ್ಕೋ ಅಂಗನವಾಡಿಗೋ ಒಮ್ಮೆ ಹೋಗಿ ಬನ್ನಿ, ಆಶಾ ಕಾರ್ಯಕರ್ತೆಗೆ ನಿಮ್ಮ ಮನೆ ಗೊತ್ತಾಗಲಿ. ಆಸ್ಪತ್ರೆಗೆ ಬೆಳಿಗ್ಗೆ ಒಂಬತ್ತರ ಟ್ರಾಫಿಕ್ಕಿನಲ್ಲಿ ಒಂದು ಸಲ, ರಾತ್ರಿ ಒಂದು ಸಲ ಹೋಗಿ ನೋಡಿ. ರಾತ್ರಿ ಯಾವ ಗೇಟು ತೆರೆದಿರುತ್ತೆ ಅಂತ ವಾಚ್‌ಮನ್‌ನ ಕೇಳಿ. ಬೆಂಗಳೂರಿನಲ್ಲಿ ಒಂದೇ ಬಡಾವಣೆಯಲ್ಲಿ ಎರಡು ಮೂರು 5ನೇ ಕ್ರಾಸ್ ಇರುತ್ತವೆ. ಹೊಸಬರಿಗೆ 108ಕ್ಕೆ ಫೋನ್ ಮಾಡಿದಾಗ ವಿಳಾಸ ಹೇಳೋಕೇ ಬರುವುದಿಲ್ಲ. ಮನೆ ನಂಬರು, ಮೇನು, ಕ್ರಾಸು, ಪಕ್ಕದ ದೇವಸ್ಥಾನದ ಹೆಸರು, ಲಿಫ್ಟ್ ಇದೆಯೋ ಇಲ್ಲವೋ, ಎಲ್ಲ ಒಂದು ಹಾಳೆಯಲ್ಲಿ ದೊಡ್ಡದಾಗಿ ಬರೆದು ಬಾಗಿಲ ಹಿಂದೆ ಅಂಟಿಸಿ. ಬೇಕಾದರೆ ಆ ಮೋಡದ ಸ್ಟಿಕ್ಕರ್ ಒಂದನ್ನು ಅದರ ಪಕ್ಕ ಹಚ್ಚಿ.