ಲಿಸ್ಬನ್ನಿನ ಕೌಂಟರಿನಲ್ಲಿ ನಿಂತು ಪೋರ್ಚುಗೀಸ್ ಕಲಿತದ್ದು

ಪೋರ್ಚುಗಲ್ಲಿನಲ್ಲಿ ಬಿಯರ್ ಕೇಳಬೇಕೆಂದರೆ 'ಸೆರ್ವೇಜಾ' ಅನ್ನುವ ಪುಸ್ತಕದ ಪದ ಸಾಲುವುದಿಲ್ಲ. ಬಿಯರ್ ಅಂತಲೇ ಅದರರ್ಥ, ನಿಜ. ಆದರೆ ಅಷ್ಟೇ ಹೇಳಿದರೆ ಬಾಟಲಿಯಾ, ಡ್ರಾಫ್ಟಾ, ಚಿಕ್ಕದಾ, ದೊಡ್ಡದಾ ಅಂತ ಪ್ರಶ್ನೆಗಳು ಶುರುವಾಗುತ್ತವೆ, ಅದೂ ಅರ್ಧ ಸ್ವರಗಳನ್ನು ನುಂಗಿಕೊಂಡು, ಭಾರಿ ವೇಗದಲ್ಲಿ. ಅಳತೆಯ ಹೆಸರು ಗೊತ್ತಿದ್ದರೆ ಈ ಪ್ರಶ್ನೆಗಳೇ ಬರುವುದಿಲ್ಲ. ಲಿಸ್ಬನ್ನಿನಲ್ಲಿ 200 ಮಿ.ಲೀ. ಡ್ರಾಫ್ಟ್ ಬಿಯರಿಗೆ 'ಇಂಪೆರಿಯಾಲ್' ಅನ್ನುತ್ತಾರೆ. ಪೋರ್ಟೊ ಊರಿಗೆ ಹೋದರೆ ಅದೇ ಗ್ಲಾಸು 'ಫೀನು'. ದೊಡ್ಡ ಮಗ್ ಬೇಕಿದ್ದರೆ 'ಕನೆಕಾ'.

ನಾನು ಇದನ್ನು ಕಲಿತದ್ದು ಟೇಬಲ್ಲಿನಲ್ಲಿ ಕೂತಲ್ಲ, ಕೌಂಟರಿನಲ್ಲಿ ನಿಂತು. ಕೆಲಸ ಮುಗಿಸಿ ಬರುವ ಊರಿನವರು ಅಲ್ಲೇ ನಿಂತು ಕುಡಿದು ಹೊರಡುತ್ತಾರೆ. ಮುಂದಿರುವವರು ಹೇಗೆ ಕೇಳುತ್ತಾರೆ ಅಂತ ಕಿವಿಗೊಟ್ಟು, ಅದನ್ನು ಫೋನಿನಲ್ಲಿ ಕನ್ನಡದಲ್ಲೇ ಬರೆದುಕೊಳ್ಳುತ್ತಿದ್ದೆ. ಕನ್ನಡ ಲಿಪಿ ಇದಕ್ಕೆ ತುಂಬಾ ಚೆನ್ನಾಗಿ ಒಗ್ಗುತ್ತದೆ. ಅವರ ತ, ದ ನಮ್ಮವೇ. ವೈನಿಗೆ ಅವರು ಹೇಳುವುದನ್ನು 'ವಿಞು' ಅಂತ ಬರೆದರೆ ಉಚ್ಚಾರ ಸರಿಯಾಗಿ ಕೂರುತ್ತದೆ. ಶಾಲೆಯಲ್ಲಿ ಸುಮ್ನೆ ಬಾಯಿಪಾಠ ಮಾಡಿದ ಞ ಕೊನೆಗೂ ಕೆಲಸಕ್ಕೆ ಬಂತು!

ಕೇಳುವ ವಾಕ್ಯ ಒಂದೇ ಸಾಕು: 'ಕೆರಿಯಾ ಉಮಾ ಇಂಪೆರಿಯಾಲ್, ಸ್ ಫಾಶ್ ಫವೋರ್.' ನಾವು ಅಂಗಡಿಯಲ್ಲಿ 'ಒಂದು ಬೇಕಿತ್ತು' ಅಂತೀವಲ್ವಾ, ಅದೇ ಮರ್ಯಾದೆ 'ಕೆರಿಯಾ'ದಲ್ಲೂ ಇದೆ. ಫೀನು ಆದರೆ 'ಉಮಾ' ಬದಲು 'ಉಂ'. ಇನ್ನೊಂದು ಇಂಪೆರಿಯಾಲ್ ಬೇಕಿದ್ದರೆ 'ಮಾಯ್ಜ್ ಉಮಾ'. ಬಿಯರ್ ಜೊತೆ ಎಷ್ಟೋ ಕಡೆ ಉಪ್ಪುನೀರಿನಲ್ಲಿ ನೆನೆಸಿದ ಹಳದಿ ಕಾಳು, 'ತ್ರೆಮೋಸುಶ್', ಕೊಡುತ್ತಾರೆ. ಸಿಪ್ಪೆಯ ತುದಿ ಕಚ್ಚಿ ಕಾಳನ್ನು ಬಾಯಿಗೆ ಚಿಮ್ಮಿಸಿಕೊಳ್ಳಬೇಕು.

ವೈನಿನ ವಿಷಯದಲ್ಲಿ 'ತಿಂತು' ಅಂದರೆ ಕೆಂಪು, 'ಬ್ರಾಂಕು' ಅಂದರೆ ಬಿಳಿ. ಸಣ್ಣ ಊಟದ ಹೋಟೆಲುಗಳಲ್ಲಿ ನಾನು ಕೇಳುವುದು ಹೌಸ್ ವೈನ್, ಅಂದರೆ ಆ ಹೋಟೆಲಿನ ಮಾಮೂಲಿ ವೈನ್, 'ವಿಞು ದ ಕಾಜಾ'. ಬೆಲೆ ಕಡಿಮೆ, ಊಟಕ್ಕೂ ಹೊಂದುತ್ತದೆ. 'ವಿಞು ವೆರ್ದ್' ಅನ್ನುವ ಹೆಸರಿನಲ್ಲಿ ಹಸಿರು ಇದ್ದರೂ ಬಣ್ಣ ಹಸಿರಲ್ಲ. ಅದು ವಾಯವ್ಯದ ಮಿಞು ಕಡೆಯ ವೈನ್, ಸಾಮಾನ್ಯವಾಗಿ ಎಳೆಯದಾಗಿದ್ದಾಗಲೇ ಕುಡಿಯುವಂಥದ್ದು. ಬಿಸಿಲಿನ ಮಧ್ಯಾಹ್ನಕ್ಕೆ ಇದಕ್ಕಿಂತ ಒಳ್ಳೆಯದು ಬೇರೆ ಇಲ್ಲ ಅನ್ನುವುದು ನನ್ನ ಅಭಿಪ್ರಾಯ. ಪೋರ್ಟ್ ವೈನ್ ಮಾತ್ರ ಊಟದ ಕೊನೆಗೆ ಇಟ್ಟುಕೊಳ್ಳಿ. ಹುದುಗು ಪೂರ್ತಿ ಆಗುವ ಮೊದಲೇ ದ್ರಾಕ್ಷಿಯಿಂದ ಭಟ್ಟಿ ಇಳಿಸಿದ ಮದ್ಯ ಬೆರೆಸಿ ನಿಲ್ಲಿಸುವುದರಿಂದ ಸಿಹಿ ಉಳಿಯುತ್ತದೆ, ಆಲ್ಕೋಹಾಲ್ ಶೇ. 20ರ ಆಸುಪಾಸು ಇರುತ್ತದೆ.

ಲಿಸ್ಬನ್ನಿನ ರೊಸಿಯು ಚೌಕದ ಹತ್ತಿರ 1840ರಿಂದ ಇರುವ ಪುಟ್ಟ ಅಂಗಡಿಯೊಂದಿದೆ, 'ಅ ಜಿಂಜಿಞಾ' ಅಂತ. ಅಲ್ಲಿ ಸಿಗುವುದು ಹುಳಿ ಚೆರ್ರಿಯ ಸಿಹಿ ಮದ್ಯ. ಬಾಗಿಲಲ್ಲೇ ಜನ ಪುಟ್ಟ ಗ್ಲಾಸು ಹಿಡಿದು ನಿಂತಿರುತ್ತಾರೆ. ಅಲ್ಲಿ ನಿಮ್ಮನ್ನು ಕೇಳುವುದು ಹಣ್ಣು ಬೇಕಾ ಬೇಡವಾ ಅಂತ ಮಾತ್ರ. ಬೇಕಿದ್ದರೆ 'ಕೊಂ ಎಲಶ್', ಬೇಡವಾದರೆ 'ಸೈಂ ಎಲಶ್'. ಹಣ್ಣು ಹಾಕಿಸಿಕೊಳ್ಳಿ, ಮದ್ಯದಲ್ಲಿ ನೆನೆದು ಅದರ ರುಚಿಯೇ ಬೇರೆ.

ಕಾರು ಓಡಿಸಬೇಕಾದ ದಿನ ನಾನು 'ಸೆರ್ವೇಜಾ ಸೈಂ ಆಲ್ಕೂಲ್' ಕೇಳುತ್ತೇನೆ, ಆಲ್ಕೋಹಾಲ್ ಇಲ್ಲದ ಬಿಯರ್. ಯಾರೂ ವಿಚಿತ್ರವಾಗಿ ನೋಡುವುದಿಲ್ಲ. ಇನ್ನು ಟೇಬಲ್ಲಿನಲ್ಲಿ ಕೂತವರಿಗೆ ಬಿಲ್ ಸಾಮಾನ್ಯವಾಗಿ ತಾನಾಗಿ ಬರುವುದಿಲ್ಲ, ಎಷ್ಟು ಹೊತ್ತು ಕೂತರೂ ಏಳಿಸುವುದಿಲ್ಲ. ಹೊರಡುವಾಗ ನೀವೇ 'ಅ ಕೊಂತಾ, ಸ್ ಫಾಶ್ ಫವೋರ್' ಅನ್ನಬೇಕು.